ದಡಾರ, ಲಸಿಕೆ ಮತ್ತು ಕೂಸಿನ ತೂಕ



ಹಸು ಈದ ಕೂಡಲೇ ಕರುವಿಗೆ ಗಿಣ್ಣುಹಾಲು ಕುಡಿಸಬೇಕೆಂಬುದು ನಿಮಗೆ ತಿಳಿದ ಮಾತು. ರೋಗವನ್ನು ತಡೆಯುವ ಶಕ್ತಿ ಕರುವಿಗೆ ಗರ್ಭದಲ್ಲಿ ದೊರೆಯುವುದಿಲ್ಲ, ಗಿಣ್ಣಿನಿಂದಲೇ ಬರಬೇಕು. ಒಂದು ದಿನ ತಡೆದರೆ ಕರುವಿನ ಕರುಳು ಆ ಶಕ್ತಿಯನ್ನು ಹೀರಿಕೊಳ್ಳಲಾರದು.

ಮನುಷ್ಯರ ಕೂಸಿನ ವಿಷಯ ಸ್ವಲ್ಪ ಬೇರೆ. ತಾಯಿಯ ರಕ್ತದಲ್ಲಿರುವ ತಡೆಶಕ್ತಿಯ ಒಂದು ಪಾಲು ಗರ್ಭದಲ್ಲಿಯೇ ಕೂಸಿಗೆ ಸೇರುತ್ತದೆ. ಹುಟ್ಟಿದ ಮೇಲೆ ತಾಯಿಯ ಮೊದಲ ಹಳದಿ ಹಾಲು ಅದರ ಕರುಳನ್ನು ಕಾಯುತ್ತದೆ. ಆ ಹಾಲನ್ನು ಹಿಂಡಿ ಚೆಲ್ಲುವುದು ದೊಡ್ಡ ತಪ್ಪು. ಆದರೆ ತಾಯಿ ಕಟ್ಟಿಕೊಟ್ಟ ಬುತ್ತಿ ಬಹುಕಾಲ ಬಾರದು. ದಡಾರದ ಮಟ್ಟಿಗೆ, ಮೊದಲ ವರ್ಷ ತುಂಬುವ ಹೊತ್ತಿಗೆ ಅದು ಬಹುಮಟ್ಟಿಗೆ ಮುಗಿದಿರುತ್ತದೆ. ಆಮೇಲೆ ಕೂಸನ್ನು ಕಾಯುವುದು ಯಾವುದು? ಇದನ್ನು ಹಳ್ಳಿಯಲ್ಲಿಯೇ ಇದ್ದು ಅಭ್ಯಾಸ ಮಾಡಿದ ವೈದ್ಯರೊಬ್ಬರ ಕೆಲಸವನ್ನು ಇಲ್ಲಿ ತಿಳಿಸುತ್ತೇನೆ.

ಅವರ ಹೆಸರು ಡೇವಿಡ್ ಮಾರ್ಲಿ. ಬ್ರಿಟನ್ನಿನ ಮಕ್ಕಳ ವೈದ್ಯರು. 1956ರಲ್ಲಿ ಆಫ್ರಿಕ ಖಂಡದ ನೈಜೀರಿಯ ದೇಶಕ್ಕೆ ಹೋಗಿ ಇಲೇಶಾ ಎಂಬ ಊರಿನ ಆಸ್ಪತ್ರೆಯಲ್ಲಿ ಕೆಲಸಕ್ಕೆ ನಿಂತರು. ಆಸ್ಪತ್ರೆಗೆ ಬಂದ ಮಕ್ಕಳನ್ನಷ್ಟೇ ನೋಡಿದರೆ ರೋಗದ ಬೇರು ಸಿಕ್ಕದೆಂದು ಇಮೆಸಿ ಎಂಬ ಹಳ್ಳಿಯನ್ನು ಆರಿಸಿಕೊಂಡರು. ಅಲ್ಲಿ ಹುಟ್ಟಿದ ಮಕ್ಕಳನ್ನು ವರ್ಷಗಟ್ಟಲೆ ಮತ್ತೆ ಮತ್ತೆ ತೂಗಿ, ಬಂದ ಕಾಯಿಲೆಗಳನ್ನು ಬರೆದಿಟ್ಟರು.

ಆ ಸೀಮೆಯ ತಾಯಂದಿರು ದಡಾರ ಬಂದು ಹೋಗುವ ತನಕ ಮಕ್ಕಳನ್ನು ಎಣಿಸಬಾರದೆನ್ನುತ್ತಿದ್ದರಂತೆ. ಆ ಮಾತು ಸುಳ್ಳಲ್ಲವೆಂದು ತಕ್ಕಡಿಯೇ ತೋರಿಸಿತು. ದಡಾರ ಬಂದ ಮಗುವಿಗೆ ಬಾಯಿ ಹುಣ್ಣಾಗಿ ಮೊಲೆ ಚೀಪಲಾಗುತ್ತಿರಲಿಲ್ಲ, ಜೊತೆಗೆ ಭೇದಿ. ತೂಕ ಸರ್ರನೆ ಇಳಿಯುತ್ತಿತ್ತು. ಮೊದಲಿನಂತಾಗಲು ವಾರಗಟ್ಟಲೆ ಹಿಡಿಯುತ್ತಿತ್ತು. ಸೊರಗಿದ ಮಗುವಿಗೆ ರೋಗ ಜೋರು. ರೋಗ ಜೋರಾದರೆ ಮಗು ಇನ್ನೂ ಸೊರಗುತ್ತದೆ. ಗಾಣದ ಎತ್ತಿನಂತೆ ಇದು ಸುತ್ತುತ್ತಲೇ ಇರುತ್ತದೆ. ದಡಾರವು ಬೇರೆ ರೋಗಗಳ ವಿರುದ್ಧ ಮಗು ಗಳಿಸಿದ್ದ ತಡೆಶಕ್ತಿಯನ್ನೂ ಅಳಿಸಿಬಿಡುತ್ತದೆಂದು 2019ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿದೆ.

ಈ ಸುತ್ತನ್ನು ಎರಡು ಕಡೆ ಮುರಿಯಬಹುದು. ಒಂದು ಕಡೆ ಲಸಿಕೆ, ಇನ್ನೊಂದು ಕಡೆ ಆಹಾರ.

ಅಮೆರಿಕದ ಜಾನ್ ಎಂಡರ್ಸ್ ಅವರ ತಂಡವು 1954ರಲ್ಲಿ ದಡಾರದ ವೈರಸ್ಸನ್ನು ಬೇರ್ಪಡಿಸಿ, ತುಂಟ ಹೋರಿಯನ್ನು ಪಳಗಿಸಿದಂತೆ ಅದನ್ನು ಸೌಮ್ಯಗೊಳಿಸಿ ಲಸಿಕೆ ಮಾಡಿತು. ಆ ತಂಡದ ಸ್ಯಾಮ್ಯುಯಲ್ ಕಾಟ್ಜ್ 1960ರಲ್ಲಿ ನೈಜೀರಿಯಕ್ಕೆ ಬಂದು, ಮಾರ್ಲಿಯವರ ಜೊತೆಗೂಡಿ ಅಲ್ಲಿಯ ಮಕ್ಕಳಲ್ಲಿ ಅದನ್ನು ಪರೀಕ್ಷಿಸಿದರು. 1963ರಲ್ಲಿ ಅಮೆರಿಕದಲ್ಲಿ ಲಸಿಕೆಗೆ ಪರವಾನಗಿ ದೊರೆಯಿತು.

ಲಸಿಕೆಗೂ ಬಿತ್ತನೆಯಂತೆ ಹದವುಂಟು. ತೀರ ಮುಂಚೆ ಹಾಕಿದರೆ ತಾಯಿಯಿಂದ ಬಂದ ತಡೆಶಕ್ತಿಯೇ ಲಸಿಕೆಯನ್ನು ಕೆಡಿಸುತ್ತದೆ; ತಡಮಾಡಿದರೆ ರೋಗವೇ ಮುಂದಾಗಿ ಬರುತ್ತದೆ. ಆದ್ದರಿಂದ ನಮ್ಮ ದೇಶದಲ್ಲಿ ಒಂಬತ್ತು ತಿಂಗಳು ತುಂಬಿದೊಡನೆ ಮೊದಲನೆಯದನ್ನೂ, 16ರಿಂದ 24 ತಿಂಗಳೊಳಗೆ ಎರಡನೆಯದನ್ನೂ ಹಾಕುತ್ತಾರೆ. ಮೊದಲನೆಯದರಿಂದ ಎಲ್ಲ ಮಕ್ಕಳಿಗೂ ರಕ್ಷೆ ಹಿಡಿಯುವುದಿಲ್ಲವಾದ್ದರಿಂದ ಎರಡನೆಯದನ್ನು ಬಿಡಬಾರದು. ಮಗು ಸೊರಗಿದೆಯೆಂದು ಮುಂದೂಡಲೂಬಾರದು. ಅಂಥ ಮಗುವಿಗೇ ಲಸಿಕೆ ಹೆಚ್ಚು ಅಗತ್ಯ.

ಮಾರ್ಲಿಯವರು ಇನ್ನೊಂದು ಉಪಕಾರ ಮಾಡಿದರು. ಮಗುವಿನ ತೂಕವನ್ನು ಗುರುತು ಹಾಕುವ ಒಂದು ಕಾರ್ಡನ್ನು ರೂಪಿಸಿ ತಾಯಿಯ ಕೈಗೇ ಕೊಟ್ಟರು. ಗೆರೆ ಏರುತ್ತಿದ್ದರೆ ಕ್ಷೇಮ, ಮಟ್ಟಸವಾಗಿ ನಿಂತರೆ ಎಚ್ಚರಿಕೆ, ಇಳಿದರೆ ಅಪಾಯ. ಅಕ್ಷರ ಬಾರದ ತಾಯಿಯೂ ಗೆರೆಯನ್ನು ಓದಬಲ್ಲಳು. ಇಂಥ ತೂಕದ ಪಟ್ಟಿಯೇ ಇಂದು ನಮ್ಮ ತಾಯಿ ಕಾರ್ಡಿನಲ್ಲಿಯೂ ಅಂಗನವಾಡಿಯಲ್ಲಿಯೂ ಇದೆ.

ಕಳೆದ ಬೇಸಿಗೆಯಲ್ಲಿ ಬೀಜೋಪಚಾರ ತೋರಿಸಲು ಒಂದು ಹಳ್ಳಿಗೆ ಹೋಗಿದ್ದೆ. ಒಬ್ಬ ರೈತರ ಮನೆಯಲ್ಲಿ ವರ್ಷದ ಮಗುವಿಗೆ ದಡಾರ. ಬಾಗಿಲಿಗೆ ಬೇವಿನಸೊಪ್ಪು ಕಟ್ಟಿ, ನಾಲ್ಕು ದಿನದಿಂದ ಬರಿಯ ಗಂಜಿನೀರು ಕೊಡುತ್ತಿದ್ದರು. "ಅಮ್ಮ ಬಂದಾಗ ಉಣ್ಣಿಸಬಾರದು ಸ್ವಾಮಿ" ಎಂದರು ಅಜ್ಜಿ. "ಬೇವಿನಸೊಪ್ಪು ಇರಲಿ ಅಜ್ಜಿ, ಮಗುವಿಗೆ ಹಾಲೂ ಅನ್ನವೂ ಬೇಡವೇ?" ಎಂದೆ. ಆಶಾ ಕಾರ್ಯಕರ್ತೆಯನ್ನು ಕರೆದು ಮಗುವನ್ನು ಆಸ್ಪತ್ರೆಗೆ ಕಳುಹಿಸಿದೆವು. ಅಲ್ಲಿ ಎರಡು ದಿನ 'ಎ' ಜೀವಸತ್ವದ ಔಷಧ ಕೊಟ್ಟರು. ಮಗು ಉಳಿಯಿತು, ಆದರೆ ಕಾರ್ಡಿನ ಗೆರೆ ಮತ್ತೆ ಏರಲು ರಾಗಿ ಕೊಯ್ಲಿನ ತನಕ ಕಾಯಬೇಕಾಯಿತು. ಅದೇ ಕಾರ್ಡಿನಲ್ಲಿ ಒಂಬತ್ತನೆಯ ತಿಂಗಳ ಲಸಿಕೆಯ ಜಾಗ ಖಾಲಿಯಾಗಿತ್ತು. ಆ ತಿಂಗಳು ಮನೆಯವರೆಲ್ಲ ಕಬ್ಬು ಕಡಿಯಲು ಹೋಗಿದ್ದರಂತೆ.

ಆದ್ದರಿಂದ ಪ್ರತಿ ಮನೆಯಲ್ಲಿಯೂ ಇಷ್ಟನ್ನು ನಡೆಸತಕ್ಕದ್ದು:

1. ಹುಟ್ಟಿದ ಒಂದು ಗಂಟೆಯೊಳಗೆ ಕೂಸಿಗೆ ಮೊಲೆಯೂಡಿಸುವುದು. ಆರು ತಿಂಗಳು ತಾಯಿಹಾಲು ಮಾತ್ರ.

2. ಆರು ತಿಂಗಳಾದ ಮೇಲೆ ತಾಯಿಹಾಲಿನ ಜೊತೆಗೆ ರಾಗಿ ಸರಿ, ಬೇಳೆ ಹಿಸುಕಿದ ಅನ್ನ, ನುಗ್ಗೆಸೊಪ್ಪು, ಪರಂಗಿಹಣ್ಣು, ಅಭ್ಯಾಸವಿದ್ದವರು ಮೊಟ್ಟೆ ಕೊಡುವುದು.

3. ಕೂಲಿಗೆ ಪರಊರಿಗೆ ಹೋಗುವಾಗ ತಾಯಿ ಕಾರ್ಡನ್ನು ಗಂಟಿನಲ್ಲಿಟ್ಟುಕೊಂಡು ಹೋಗಿ, ಅಲ್ಲಿಯೇ ಲಸಿಕೆ ಹಾಕಿಸುವುದು.

4. ತಿಂಗಳಿಗೊಮ್ಮೆ ಮಗುವನ್ನು ತೂಗಿಸುವುದು.

ಮೂಟೆಯ ತೂಕದಲ್ಲಿ ಅರ್ಧ ಕಿಲೋ ಕಡಿಮೆ ಬಂದರೆ ನಾವು ಮಂಡಿಯಲ್ಲಿ ಜಗಳಕ್ಕೆ ನಿಲ್ಲುತ್ತೇವೆ. ಮನೆಯ ಕೂಸಿನ ತೂಕದಲ್ಲಿ ಅರ್ಧ ಕಿಲೋ ಇಳಿದರೆ ಸುಮ್ಮನಿರಬಹುದೇ? ಈ ತಿಂಗಳು ಅಂಗನವಾಡಿಯ ತಕ್ಕಡಿಯ ಬಳಿಗೆ ತಂದೆಯರೂ ಬರಬೇಕೆಂದು ಕೋರುತ್ತೇನೆ.

— ಗ್ರಾಮಸೇವಕ