ದಿನಾ ಬೇಡಿಕೊಂಡರೂ ಲಾರಿ ಯಾಕೆ ಮಗುಚಿತು?

ಸಿರುಗುಪ್ಪದ ರೈಸ್ ಮಿಲ್ಲುಗಳ ಹಿಂದಿನ ಓಣಿಯಲ್ಲಿ ಒಂದು ತಗಡಿನ ಮನೆ. ರಾತ್ರಿ ಎಂಟೂವರೆ ಆಯಿತೆಂದರೆ ಅಲ್ಲಿ ಟಿ.ವಿ. ಬಂದ್. ಒಲೆಯ ಮೇಲಿನ ಸಾರು ಕೆಳಗಿಳಿಯುತ್ತದೆ. ಗೋಡೆಯ ಕ್ಯಾಲೆಂಡರಿನ ಕೆಳಗೆ ಚಾಪೆ ಬೀಳುತ್ತದೆ. ತಾಯಿ, ಹೈಸ್ಕೂಲು ಓದುವ ಮಗಳು, ಮುದುಕಿ ಅತ್ತೆ ಚಾಪೆಯ ಮೇಲೆ ಕೂರುತ್ತಾರೆ. ತಂದೆ ಮಾತ್ರ ಮಂಚದ ಮೇಲೆ. ಕಾಲು ಮಡಚಲು ಬರುವುದಿಲ್ಲ.

ಆತ ಭತ್ತದ ಲಾರಿಯ ಡ್ರೈವರ್. ಹೋದ ವರ್ಷ ಲೋಡು ತುಂಬಿಕೊಂಡು ಹೊರಟ ಲಾರಿ ನಸುಕಿನಲ್ಲಿ ರಸ್ತೆ ಬಿಟ್ಟು ಮಗುಚಿತು. ಜೀವ ಉಳಿಯಿತು, ಕಾಲು ಎರಡು ಕಡೆ ಮುರಿಯಿತು. ಎಂಟು ತಿಂಗಳು ದುಡಿಮೆ ಇಲ್ಲ. ಬಡ್ಡಿಗೆ ತಂದ ಸಾಲ, ಅಡವಿಟ್ಟ ಕಿವಿಯೋಲೆ. ಲಾರಿ, ಆಟೋ, ಟ್ರ್ಯಾಕ್ಟರ್ ನಂಬಿ ಬದುಕುವ ಸಾವಿರ ಮನೆಗಳಲ್ಲಿ ನಡೆಯುವಂಥದ್ದೇ. ಆದರೆ ಈ ಮನೆಯಲ್ಲಿ ಇನ್ನೊಂದು ಮುರಿಯಿತು.

ಅಪಘಾತದ ಹಿಂದಿನ ರಾತ್ರಿಯೂ ಎಂಟೂವರೆಗೆ ಚಾಪೆ ಬಿದ್ದಿತ್ತು. ತಂದೆಯ ಪ್ರಯಾಣವನ್ನು ಕಾಪಾಡಪ್ಪಾ ಎಂದು ಬೇಡಿಕೊಂಡವನು ಹತ್ತೊಂಬತ್ತು ವರ್ಷದ ಮಗ. ಆಸ್ಪತ್ರೆಯ ವರಾಂಡದಲ್ಲಿ ಆತ ತಾಯಿಯನ್ನು ಒಂದೇ ಮಾತು ಕೇಳಿದ.

“ದಿನಾ ಕಾಪಾಡು ಕಾಪಾಡು ಅಂತ ಕೇಳ್ಕೊಂಡ್ವಲ್ಲಮ್ಮ. ಯಾಕ್ ಕಾಪಾಡ್ಲಿಲ್ಲ?”

ತಾಯಿ ಉತ್ತರ ಕೊಡಲಿಲ್ಲ. “ಏನ್ ಹೇಳ್ಬೇಕ್ರಿ? ನನಗೂ ಅದೇ ಪ್ರಶ್ನೆ ಇತ್ತು” ಎನ್ನುತ್ತಾರೆ ಆಕೆ. ಅಂದಿನಿಂದ ಮಗ ಚಾಪೆಗೆ ಬರಲಿಲ್ಲ. ಈಗ ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಒಂದು ಘಟಕದಲ್ಲಿ ಕೆಲಸ. ಕೌಲ್ ಬಜಾರ್ ಕಡೆ ಮೂವರು ಗೆಳೆಯರ ಜತೆ ಒಂದು ರೂಮು. ಹದಿನೈದು ದಿನಕ್ಕೊಮ್ಮೆ ಸಿರುಗುಪ್ಪದ ಬಸ್ಸು ಹತ್ತುತ್ತಾನೆ.

ಗಲ್ಲಾಪೆಟ್ಟಿಗೆಯ ಊದುಬತ್ತಿ

ಇದು ಕ್ರೈಸ್ತರ ಮನೆಯ ಕತೆ ಮಾತ್ರ ಅಂದುಕೊಳ್ಳಬೇಡಿ. ಬೆಂಗಳೂರು ರಸ್ತೆಯ ಅಂಗಡಿಯವರು ಶಟರ್ ಎತ್ತಿದೊಡನೆ ಗಲ್ಲಾಪೆಟ್ಟಿಗೆಗೆ ಊದುಬತ್ತಿ ಬೆಳಗುತ್ತಾರೆ. ಬಸ್ಸಿನ ಡ್ರೈವರ್ ಸ್ಟೇರಿಂಗ್ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಾನೆ. ಮಸೀದಿ ಮುಂದೆ ಕೂಸಿಗೆ ದುವಾ ಓದಿಸಲು ಸಂಜೆ ತಾಯಂದಿರು ನಿಲ್ಲುತ್ತಾರೆ. ಮನೆ ಮಂದಿ ಸುಖವಾಗಿರಲಿ ಎಂದು ಬೇಡದವರು ಯಾರಿದ್ದಾರೆ? ಬೇಡಿದ ಮೇಲೂ ಪೆಟ್ಟು ಬಿದ್ದರೆ ಏನು ಮಾಡಬೇಕು, ಅದೇ ಎಲ್ಲರ ಪ್ರಶ್ನೆ.

ಬಳ್ಳಾರಿ ಸೀಮೆಯ ಕ್ರೈಸ್ತರಿಗೆ ಈ ಪ್ರಶ್ನೆ ಹೊಸದಲ್ಲ. ಇಲ್ಲಿ ಕನ್ನಡದ ಕ್ರೈಸ್ತ ಪ್ರಾರ್ಥನೆಗೆ ಇನ್ನೂರು ವರ್ಷಕ್ಕೂ ಮಿಕ್ಕಿದ ವಯಸ್ಸು. 1800ರಲ್ಲಿ ನಿಜಾಮರು ಈ ಸೀಮೆಯನ್ನು ಕಂಪನಿ ಸರಕಾರಕ್ಕೆ ಬಿಟ್ಟುಕೊಟ್ಟರು, ಬಳ್ಳಾರಿಯಲ್ಲಿ ದಂಡು ನೆಲೆಸಿತು. 1810ರಲ್ಲಿ ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಇಲ್ಲಿಗೆ ಬಂದ. ಕನ್ನಡ ಕಲಿತು ಬೈಬಲನ್ನು ಕನ್ನಡಕ್ಕೆ ತರಲು ಕೂತ. ಆಮೇಲೆ ವಿಲಿಯಂ ರೀವ್ ಕೂಡಿಕೊಂಡ. ಪೂರ್ತಿ ಬೈಬಲ್ ಕನ್ನಡದಲ್ಲಿ ಹೊರಬಂದದ್ದು 1831ರಲ್ಲಿ. ಮರುವರ್ಷ ರೀವನ ಕನ್ನಡ–ಇಂಗ್ಲಿಷ್ ನಿಘಂಟು ಬಂತು. ಹತ್ತಿಪ್ಪತ್ತು ವರ್ಷ ಒಂದು ಪುಸ್ತಕಕ್ಕಾಗಿ ಬೆವರು ಸುರಿಸಿದ ಊರು ಇದು. ಆ ಅನುವಾದ ಆಮೇಲೆ ಹಲವು ಸಲ ತಿದ್ದುಪಡಿ ಕಂಡಿದೆ, ಆದರೆ ದೇವರನ್ನು ಕನ್ನಡದಲ್ಲಿ ಹೀಗೆ ಮಾತಾಡಿಸಬಹುದು ಎಂಬ ದಾರಿ ಬಿದ್ದದ್ದು ಆಗ. 1846ರಲ್ಲಿ ಇದೇ ಮಿಷನ್ನು ತೆರೆದ ವಾರ್ಡ್ಲಾ ಶಾಲೆಯಲ್ಲಿ ಎಲ್ಲ ಜಾತಿ ಮತದ ಮಕ್ಕಳು ಅಕ್ಷರ ಕಲಿತರು.

ಮಿಷನ್ನಿನ ಸಭೆಗಳು 1947ರ ಸೆಪ್ಟೆಂಬರ್ 27ರಂದು ಹುಟ್ಟಿದ ದಕ್ಷಿಣ ಭಾರತ ಸಭೆಯಲ್ಲಿ ಸೇರಿದವು. ಕೆಥೊಲಿಕರಿಗೆ ಬಳ್ಳಾರಿ ಧರ್ಮಪ್ರಾಂತ್ಯವಾದದ್ದು 1949ರಲ್ಲಿ. ಈಚಿನ ವರ್ಷಗಳಲ್ಲಿ ಸಣ್ಣ ಸಣ್ಣ ಪ್ರಾರ್ಥನಾ ಮಂದಿರಗಳೂ ಎದ್ದಿವೆ. ಕನ್ನಡ, ತೆಲುಗು, ತಮಿಳು, ಇಂಗ್ಲಿಷ್ – ಗಡಿ ಊರಿನ ಎಲ್ಲ ನುಡಿಯಲ್ಲೂ ಬೇಡಿಕೆ ನಡೆಯುತ್ತದೆ.

ಬೇಡಲು ಕಾರಣಗಳಿಗೂ ಈ ಸೀಮೆಯಲ್ಲಿ ಬರವಿರಲಿಲ್ಲ. 1876ರಿಂದ 78ರ ಧಾತು–ಈಶ್ವರ ಸಂವತ್ಸರಗಳ ಬರ ಮದರಾಸು ಪ್ರಾಂತ್ಯದಲ್ಲಿ ಅತಿ ಹೆಚ್ಚು ಬಡಿದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. 2009ರ ಅಕ್ಟೋಬರ್ ನೆರೆಯಲ್ಲಿ ಸಿರುಗುಪ್ಪ ತಾಲೂಕಿನ ಹಳ್ಳಿಗಳಿಗೆ ನೀರು ನುಗ್ಗಿತು. 2020ರಲ್ಲಿ ಕೊರೊನಾ ಬಂದು ಗುಡಿ, ಮಸೀದಿ, ಚರ್ಚುಗಳಿಗೆ ಒಟ್ಟಿಗೇ ಬೀಗ ಬಿತ್ತು. ಫೋನಿನಲ್ಲಿ ಪ್ರಾರ್ಥನೆ ಮಾಡುವ ರೂಢಿ ಬಹಳ ಮನೆಗಳಲ್ಲಿ ಶುರುವಾದದ್ದು ಆಗಲೇ.

ಏನು ಕೇಳುತ್ತಾರೆ?

ಸುವಾರ್ತಾ ಸಭೆಗಳವರ ಮನೆಯಲ್ಲಿ ಸಾಮಾನ್ಯವಾಗಿ ಒಂದು ಹಾಡು, ಬೈಬಲಿನ ಒಂದು ಭಾಗ, ಆಮೇಲೆ ಒಬ್ಬೊಬ್ಬರಾಗಿ ಸ್ವಂತ ಮಾತಿನಲ್ಲಿ ಬೇಡಿಕೆ. ಕೆಥೊಲಿಕರ ಮನೆಯಲ್ಲಿ ಜಪಸರ. ಮಣಿ ಎಣಿಸುತ್ತ ಯೇಸುವಿನ ಬಾಳಿನ ಘಟನೆಗಳನ್ನು ನೆನೆಯುವುದು. ಅಕ್ಟೋಬರ್ ತಿಂಗಳು ಅದಕ್ಕೆಂದೇ ಮೀಸಲು. ಸೆಪ್ಟೆಂಬರ್ 8ರ ಮಾತೆ ಮರಿಯಳ ಹಬ್ಬಕ್ಕೆ ಮುಂಚೆ ಒಂಬತ್ತು ದಿನದ ಪ್ರಾರ್ಥನೆ ಬೇರೆ.

ಮನೆಯ ಕಾವಲಿಗಾಗಿ ಹೆಚ್ಚು ಓದಿಸಿಕೊಳ್ಳುವುದು ಕೀರ್ತನೆಗಳ ಪುಸ್ತಕದ 91 ಮತ್ತು 121ನೇ ಅಧ್ಯಾಯಗಳು. ಒಂದರಲ್ಲಿ ರೋಗ, ಬಲೆ, ಇರುಳಿನ ಅಂಜಿಕೆಗಳಿಂದ ದೇವರ ಮರೆ ಸಿಗುವ ಭರವಸೆ. ಇನ್ನೊಂದರಲ್ಲಿ ಹೋಗುವಾಗಲೂ ಬರುವಾಗಲೂ ಕಾಯುವ ದೇವರು. ಪ್ರಯಾಣದವರಿಗೆ ಹೇಳಿ ಬರೆಸಿದ ಹಾಗಿದೆ.

ಹಾಗಾದರೆ ಲಾರಿ ಯಾಕೆ ಮಗುಚಿತು?

ಕುರುಗೋಡಿನ ಹಿರಿಯರ ಮಾತು

ಈ ಪ್ರಶ್ನೆ ಹೊತ್ತು ಸಿರುಗುಪ್ಪದ ತಾಯಿ ಹೋದದ್ದು ಕುರುಗೋಡಿಗೆ, ತನ್ನ ಅಕ್ಕನ ಮನೆಗೆ. ದೊಡ್ಡಬಸವೇಶ್ವರನ ಊರು ಅದು. ಏಕಶಿಲೆಯ ಭಾರಿ ಬಸವಣ್ಣನನ್ನು ನೋಡಲು ದೂರದಿಂದ ಜನ ಬರುತ್ತಾರೆ. ಅಲ್ಲಿ ವಾರಕ್ಕೊಂದು ಮನೆಯಂತೆ ಹತ್ತು ಹನ್ನೆರಡು ಮಂದಿ ಕೂಡಿ ಪ್ರಾರ್ಥನೆ ಮಾಡುತ್ತಾರೆ. ನಡೆಸುವವರು ನಿವೃತ್ತ ಮೇಷ್ಟ್ರು ಒಬ್ಬರು. ಎಪ್ಪತ್ತು ದಾಟಿದೆ, ಹಳೆ ಸೈಕಲ್ಲಿನಲ್ಲೇ ಓಡಾಟ.

ಅವರ ಕಟ್ಟುಪಾಡು ಮೂರೇ. ಮೈಕು ಬೇಡ, ಪಕ್ಕದ ಮನೆಯಲ್ಲೂ ಓದುವ ಮಕ್ಕಳಿರುತ್ತಾರೆ. ಒಂಬತ್ತೂವರೆಗೆ ಮುಗಿಯಬೇಕು. ಜ್ವರದವರನ್ನು ಮೊದಲು ಡಾಕ್ಟರ ಹತ್ತಿರ ಕರೆದೊಯ್ಯಬೇಕು. “ಮಾತ್ರೆ ನುಂಗ್ರಿ, ಪ್ರಾರ್ಥನೆನೂ ಮಾಡ್ರಿ. ಒಂದಕ್ಕೊಂದು ಜಗಳ ಇಲ್ಲ” ಎಂಬುದು ಅವರ ಖಾಯಂ ಮಾತು. ಎದುರು ಮನೆಯ ಕಿರಾಣಿ ಅಂಗಡಿಯವರು ದೊಡ್ಡಬಸಪ್ಪನ ಭಕ್ತರು. ಮಗಳ ಹೆರಿಗೆಯ ಹೊತ್ತಿನಲ್ಲಿ “ಮೇಷ್ಟ್ರೇ, ನಮ್ಮ ಹುಡುಗಿನ್ನೂ ಸೇರ್ಸಿ ಬೇಡ್ಕೊಳ್ರಿ” ಎಂದು ಬಂದು ಹೇಳಿದ್ದರಂತೆ. ಇವರು ಬೇಡಿಕೊಂಡರು. ಅವರು ಬಸಪ್ಪನಿಗೆ ಕಾಯಿ ಒಡೆಸಿದರು. ಯಾರ ದೇವರೂ ಬೇಜಾರು ಮಾಡಿಕೊಂಡ ಸುದ್ದಿಯಿಲ್ಲ.

ಮೇಷ್ಟ್ರು ತಾಯಿಯ ಪ್ರಶ್ನೆಯನ್ನು ತೇಲಿಸಲಿಲ್ಲ. ಬೈಬಲ್ ತೆಗೆದು ಮತ್ತಾಯನ ಸುವಾರ್ತೆಯ 4ನೇ ಅಧ್ಯಾಯ ತೋರಿಸಿದರು. ಅಲ್ಲಿ ಸೈತಾನನು ಯೇಸುವನ್ನು ದೇವಾಲಯದ ತುದಿಗೆ ಒಯ್ದು, ಕೆಳಗೆ ಧುಮುಕು, ದೇವದೂತರು ಹಿಡಿದುಕೊಳ್ಳುತ್ತಾರೆ ಎನ್ನುತ್ತಾನೆ. ಅದಕ್ಕೆ ಅವನು ಸಾಕ್ಷಿ ಕೊಡುವುದು ಇದೇ 91ನೇ ಕೀರ್ತನೆಯಿಂದ! ಯೇಸು ಧುಮುಕುವುದಿಲ್ಲ. ದೇವರನ್ನು ಪರೀಕ್ಷೆಗೆ ಹಚ್ಚಬಾರದು ಎಂದು ತಿರುಗಿ ಹೇಳುತ್ತಾನೆ.

“ನೋಡವ್ವ, ಕಾಪಾಡೋ ವಾಕ್ಯಾನೇ ಇನ್ಶೂರೆನ್ಸ್ ಪಾಲಿಸಿ ಮಾಡ್ಕೋಬೇಡ ಅಂತ ಅಲ್ಲೇ ಬರೆದೈತಿ” ಎಂದರು ಮೇಷ್ಟ್ರು. ಕಂತು ಕಟ್ಟಿದ್ದೀವಿ, ಕ್ಲೇಮು ಕೊಡು ಎಂದು ದೇವರ ಕೌಂಟರಿನಲ್ಲಿ ನಿಲ್ಲಲಾಗದು. ನಿದ್ದೆಗೆಟ್ಟು ಓಡಿಸಿದ ಲಾರಿಗೆ ಪ್ರಾರ್ಥನೆ ಬ್ರೇಕ್ ಆಗುವುದಿಲ್ಲ.

ತಾಯಿಗೆ ಆ ಕೊನೆಯ ಮಾತು ಚುಚ್ಚಿತು. ಗಂಡ ಎರಡು ರಾತ್ರಿ ನಿದ್ದೆ ಮಾಡಿರಲಿಲ್ಲ, ಮಗಳ ಫೀಸಿಗೆಂದು ಮೂರನೇ ಟ್ರಿಪ್ ಒಪ್ಪಿಕೊಂಡಿದ್ದ. “ನಿದ್ದಿ ಮಾಡಿ ಹೋಗು ಅನ್ನಬೇಕಿತ್ತು ನಾನು. ಅದು ಬಿಟ್ಟು ಬರೇ ಪ್ರಾರ್ಥನೆ ಮಾಡಿ ಕಳಿಸ್ದೆ” ಎಂದು ಅತ್ತರು. ಮೇಷ್ಟ್ರು ಅದನ್ನೂ ಒಪ್ಪಲಿಲ್ಲ. “ತಪ್ಪು ನಿಂದು ಅಂತ ನಾನ್ ಹೇಳ್ಲಿಲ್ಲ. ಬಡತನ ಓಡಿಸ್ತು ಲಾರಿನ” ಎಂದರು.

ಆಮೇಲೆ ಇನ್ನೊಂದು ಪುಟ ತೆಗೆದರು. ಗೆತ್ಸೆಮನೆ ತೋಟದ ಪ್ರಸಂಗ. ಶಿಲುಬೆಯ ಸಾವಿನ ಹಿಂದಿನ ರಾತ್ರಿ ಯೇಸು ತನ್ನ ಸಂಕಟ ತಪ್ಪಲಿ ಎಂದು ಬೇಡಿದ. ತಪ್ಪಲಿಲ್ಲ. ಮಾರ್ಕನ ಸುವಾರ್ತೆಯಲ್ಲಿ ಆ ಹೊತ್ತು ಅವನು ದೇವರನ್ನು ಕರೆಯುವುದು ‘ಅಬ್ಬಾ’ ಎಂದು. ಅವನ ತಾಯ್ನುಡಿ ಅರಮಾಯಿಕಿನಲ್ಲಿ ಹಾಗೆಂದರೆ ಅಪ್ಪ. ಕೇಳಿದ್ದು ಸಿಗಲಿಲ್ಲ, ಆದರೂ ಅಪ್ಪಾ ಎನ್ನುವುದನ್ನು ಬಿಡಲಿಲ್ಲ. ಹತ್ತಿರ ಇರುವುದೆಂದರೆ ಅಷ್ಟೇ ಎಂದು ಮೇಷ್ಟ್ರು ಪುಸ್ತಕ ಮುಚ್ಚಿದರು. ಯೇಸು ಕಲಿಸಿದ ಪ್ರಾರ್ಥನೆಯಲ್ಲೂ ಮೊದಲು ತಂದೆಯ ನಾಮ, ರಾಜ್ಯ, ಚಿತ್ತ. ಅನ್ನ, ಕ್ಷಮೆ, ಕೇಡಿನಿಂದ ಬಿಡುಗಡೆ ಆಮೇಲೆ. ಅದೂ ‘ನನಗೆ’ ಅಲ್ಲ, ‘ನಮಗೆ’.

ಎಂಟೂವರೆಯ ಫೋನು

ಮೇಷ್ಟ್ರ ಮಾತು ಮಗನಿಗೆ ಹಿಡಿಸಿತೆ? ತಾಯಿ ಅವನಿಗೆ ಒಪ್ಪಿಸಲು ಹೋಗಿಲ್ಲ. “ಹೇಳಿದ್ರ ಇನ್ನೂ ದೂರ ಹೋಗ್ತಾನ್ರಿ. ವಯಸ್ಸು ಅಂಥಾದ್ದು” ಎನ್ನುತ್ತಾರೆ. ಅವರು ಮಾಡಿದ್ದು ಒಂದೇ ಕೆಲಸ. ಎಂಟೂವರೆಗೆ ಫೋನ್ ಹಚ್ಚುತ್ತಾರೆ. ಊಟ ಆಯ್ತಾ, ಕೆಲಸ ಹೆಂಗೈತಿ, ಅಷ್ಟೇ. ಆಮೇಲೆ ಫೋನನ್ನು ಸ್ಪೀಕರಿಗೆ ಹಾಕಿ ಚಾಪೆಯ ಮೇಲಿಡುತ್ತಾರೆ, ಅವನು ಕೂರುತ್ತಿದ್ದ ಜಾಗದಲ್ಲಿ.

ಮೊದಮೊದಲು ಹಾಡು ಶುರುವಾಗುತ್ತಲೇ ಆ ಕಡೆಯಿಂದ ಫೋನ್ ಕಟ್ಟಾಗುತ್ತಿತ್ತು. ತಾಯಿ ಮತ್ತೆ ಹಚ್ಚುತ್ತಿರಲಿಲ್ಲ. ಮರುದಿನ ಎಂಟೂವರೆಗೇ ಹಚ್ಚುತ್ತಿದ್ದರು.

ತಂದೆ ಈಗ ಊರುಗೋಲಿಲ್ಲದೆ ನಾಲ್ಕು ಹೆಜ್ಜೆ ಇಡುತ್ತಾರೆ. ಲಾರಿಗೆ ಹೋಗುವುದು ಸಂಶಯ. ಮಿಲ್ಲಿನ ಗೇಟಿನಲ್ಲಿ ವಾಚ್‌ಮನ್ ಕೆಲಸ ಕೇಳಿದ್ದಾರೆ. ಪ್ರಾರ್ಥನೆಯಲ್ಲಿ ಅವರು ಕಾಲಿನ ಮಾತೆತ್ತುವುದಿಲ್ಲ. ರಸ್ತೆಯಲ್ಲಿರುವ ಬೇರೆ ಡ್ರೈವರುಗಳ ಹೆಸರು ಹೇಳುತ್ತಾರೆ, ಒಬ್ಬೊಬ್ಬರದಾಗಿ. ಅದರಲ್ಲಿ ಸಾಬರೂ ಇದ್ದಾರೆ, ನಾಯಕರೂ ಇದ್ದಾರೆ.

ಮೊನ್ನೆ ಒಂದು ರಾತ್ರಿ ಹೀಗೇ ಹೆಸರು ಹೇಳುವಾಗ ತಂದೆಗೆ ಒಂದು ಹೆಸರು ಮರೆತುಹೋಯಿತು. ಆಂಧ್ರದ ಕಡೆ ಲೋಡು ಒಯ್ಯುವ ಹುಡುಗ, ಮೊನ್ನೆ ಮೊನ್ನೆ ಮದುವೆಯಾದವನು, ಏನವನ ಹೆಸರು ಎಂದು ತಡವರಿಸಿದರು. ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ.

ಚಾಪೆಯ ಮೇಲಿನ ಫೋನು ಆ ಹೆಸರು ಹೇಳಿತು.

ಫೋನ್ ಕಟ್ಟಾಗಿರಲಿಲ್ಲ. ಮಗ ಕೊನೆತನಕ ಕೇಳುತ್ತ ಕೂತಿದ್ದ. ಆಮೆನ್ ಅಂದನೋ ಇಲ್ಲವೋ ತಾಯಿಗೆ ಗೊತ್ತಿಲ್ಲ. “ಕೇಳಂಗಿಲ್ರಿ ನಾನು” ಎಂದು ಆಕೆ ಸಾರಿನ ಪಾತ್ರೆ ಮತ್ತೆ ಒಲೆಗೇರಿಸಿದರು.