ಸುಣ್ಣ ಹೋಯಿತು, ಗಾರೆ ಉಳಿಯಿತು

ಯಲಹಂಕದಿಂದ ದೊಡ್ಡಬಳ್ಳಾಪುರಕ್ಕೆ ಹೋಗುವ ರಸ್ತೆಯಲ್ಲಿ ರಾಜಾನುಕುಂಟೆಯ ಆಸುಪಾಸು ಹಿಂದೆ ರಾಗಿ ಹೊಲ, ದ್ರಾಕ್ಷಿ ತೋಟಗಳ ಸೀಮೆ. ಈಗ ಅಲ್ಲಿ ಬಡಾವಣೆಗಳು ಎದ್ದಿವೆ. ಬೂದು ಬಣ್ಣದ ಸಿಮೆಂಟ್ ಬ್ಲಾಕುಗಳನ್ನು ಪೇರಿಸಿ, ಒಳಗೂ ಹೊರಗೂ ಪ್ಲಾಸ್ಟರ್ ಬಳಿದು, ಬಣ್ಣ ಹೊಡೆದರೆ ಮನೆ ಸಿದ್ಧ. ಗೃಹಪ್ರವೇಶದ ದಿನ ಗೋಡೆ ಕನ್ನಡಿಯಂತಿರುತ್ತದೆ. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಕಿಟಕಿಯ ಮೂಲೆಯಿಂದ ಓರೆಯಾಗಿ ಒಂದು ಗೆರೆ, ತಾರಸಿಯ ಕೆಳಗೆ ಅಡ್ಡಲಾಗಿ ಇನ್ನೊಂದು ಗೆರೆ, ಪಶ್ಚಿಮದ ಗೋಡೆಯ ಮೈತುಂಬ ಜೇಡನ ಬಲೆ ಹರಡಿದಂತೆ ನವಿರು ಬಿರುಕು. ಮೂರನೆಯ ಮಳೆಗಾಲಕ್ಕೆ ಒಳಗೋಡೆಯಲ್ಲಿ ತೇವ ಕಾಣಿಸುತ್ತದೆ. ಜೀವಮಾನದ ಉಳಿತಾಯವನ್ನು ಸುರಿದು, ಬ್ಯಾಂಕಿನ ಸಾಲವನ್ನೂ ಹೊತ್ತು ಮನೆ ಕಟ್ಟಿಸಿದವರ ಪಾಲಿಗೆ ಇದು ಸಣ್ಣ ಸಂಕಟವೇನಲ್ಲ.

ಮೇಸ್ತ್ರಿಯನ್ನು ಕರೆಸಿದರೆ ಸಾಮಾನ್ಯವಾಗಿ ಸಿಗುವ ಮದ್ದು ಒಂದೇ. ಬಿರುಕಿನ ಮೇಲೆ ಗಟ್ಟಿ ಸಿಮೆಂಟ್ ತಿಕ್ಕಿ, ಬಣ್ಣ ಹೊಡೆಯುವುದು. ಮುಂದಿನ ಬೇಸಿಗೆಗೆ ಅದೇ ಜಾಗದಲ್ಲಿ, ಅಥವಾ ಅದರ ಪಕ್ಕದಲ್ಲೇ, ಬಿರುಕು ಮತ್ತೆ ಮೂಡುತ್ತದೆ. ಏಕೆಂದು ತಿಳಿಯಬೇಕಾದರೆ ಈ ಕಸುಬಿನ ಹೆಸರಿನಿಂದಲೇ ಆರಂಭಿಸಬೇಕು. ಗೋಡೆಗೆ ಸಿಮೆಂಟ್ ಬಳಿಯುವವರನ್ನು ಬೆಂಗಳೂರಿನ ಸುತ್ತಮುತ್ತ ಇಂದಿಗೂ ‘ಗಾರೆ ಕೆಲಸದವರು’ ಎಂದೇ ಕರೆಯುತ್ತಾರೆ. ಗಾರೆ ಎಂದರೆ ಸುಣ್ಣ, ಮರಳು, ಇಟ್ಟಿಗೆ ಪುಡಿ ಬೆರೆಸಿ ಅರೆದ ಪಾಕ. ಪಾಕದಿಂದ ಸುಣ್ಣ ಮಾಯವಾಗಿ ಎಷ್ಟೋ ಕಾಲವಾಯಿತು. ಹೆಸರು ಮಾತ್ರ ಕೆಲಸಗಾರರ ಜೊತೆ ಉಳಿದುಕೊಂಡಿದೆ.

ಉತ್ತರ ಕರ್ನಾಟಕದಲ್ಲಿ ಇದಕ್ಕೆ ಗಚ್ಚು ಎಂಬ ಮಾತು ಹೆಚ್ಚು ಬಳಕೆಯದು. ಮಸ್ಕಿಯಲ್ಲಿ ಗಚ್ಚಿನ ಹಿರೇಮಠವೇ ಇದೆ. ಮಣ್ಣಿನ ಮನೆಗಳ ಊರಿನಲ್ಲಿ ಗಚ್ಚಿನ ಕಟ್ಟಡವೊಂದು ಎದ್ದರೆ ಅದೇ ಅದರ ಗುರುತಾಗಿ, ಹೆಸರಾಗಿ ನಿಲ್ಲುತ್ತಿತ್ತು. ಹಂಪೆಯ ವಿರೂಪಾಕ್ಷ ದೇವಾಲಯದ ಪೂರ್ವದ ಗೋಪುರದಲ್ಲಿ ಕಲ್ಲು ಇರುವುದು ಬುಡದಲ್ಲಿ ಮಾತ್ರ. ಮೇಲಿನ ಅಂತಸ್ತುಗಳೆಲ್ಲ ಇಟ್ಟಿಗೆ ಮತ್ತು ಗಾರೆ. ಉದಯಗಿರಿಯ ವಿಜಯದ ನೆನಪಿಗೆ ಕೃಷ್ಣದೇವರಾಯ ಕಟ್ಟಿಸಿದ, 1515ರಲ್ಲಿ ಪ್ರತಿಷ್ಠೆಯಾದ ಬಾಲಕೃಷ್ಣ ದೇಗುಲದ ಗೋಪುರದ ಮೇಲೆ ಯುದ್ಧದ ದೃಶ್ಯಗಳನ್ನೇ ಗಾರೆಯಲ್ಲಿ ರೂಪಿಸಿದ್ದಾರೆ. ಮುರಿದು ಮುಕ್ಕಾಗಿದ್ದರೂ ಕುದುರೆ, ಯೋಧರ ಆಕೃತಿಗಳು ಐನೂರು ವರ್ಷಗಳ ಬಳಿಕ ಇಂದಿಗೂ ಗುರುತು ಹಿಡಿಯುವಂತಿವೆ. ವಿಜಯಪುರದ ಗೋಳಗುಮ್ಮಟದ್ದು ಇನ್ನೂ ದೊಡ್ಡ ಮಾತು. ಹೊರಗಿನಿಂದ ಸುಮಾರು 44 ಮೀಟರ್ ಅಗಲದ ಆ ಗುಮ್ಮಟ ಇಟ್ಟಿಗೆ ಮತ್ತು ಸುಣ್ಣದ ಗಾರೆಯಿಂದಲೇ ನಿಂತಿದೆ. ಅಲ್ಲಿನ ಬೇಸಿಗೆ ನಲವತ್ತು ಡಿಗ್ರಿ ದಾಟುತ್ತದೆ. ಮಹಮ್ಮದ್ ಆದಿಲ್‌ಶಾಹಿ ತೀರಿಕೊಂಡದ್ದು 1656ರಲ್ಲಿ. ಅಂದಿನಿಂದ ಎಷ್ಟು ಬಿಸಿಲು ಅದರ ಮೈಮೇಲೆ ಹಾದುಹೋಗಿರಬಹುದೆಂದು ಓದುಗರೇ ಲೆಕ್ಕ ಹಾಕಬಹುದು. ಇಪ್ಪತ್ತನೆಯ ಶತಮಾನದಲ್ಲಿ ಕಟ್ಟಿದ ಕನ್ನಂಬಾಡಿ ಕಟ್ಟೆಗೂ ಬಳಸಿದ್ದು ಸುಣ್ಣ ಮತ್ತು ಇಟ್ಟಿಗೆ ಪುಡಿ ಬೆರೆಸಿದ ಸುರ್ಕಿ ಗಾರೆಯನ್ನೇ.

ಸುಣ್ಣದ ಗುಟ್ಟು ಒಂದು ಸುತ್ತಿನ ಪ್ರಯಾಣದಲ್ಲಿದೆ. ಸುಣ್ಣದ ಕಲ್ಲನ್ನು ಗೂಡಿನಲ್ಲಿ ಸುಮಾರು 900 ಡಿಗ್ರಿ ಶಾಖದಲ್ಲಿ ಸುಟ್ಟರೆ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ನೀರು ಹಾಕಿದರೆ ಅದು ಕುದಿದು, ಅರಳಿ, ಬೆಣ್ಣೆಯಂತಾಗುತ್ತದೆ. ಗೋಡೆಗೆ ಬಳಿದ ಮೇಲೆ ಗಾಳಿಯಲ್ಲಿರುವ ಅದೇ ಅನಿಲವನ್ನು ನಿಧಾನವಾಗಿ ಮತ್ತೆ ಹೀರಿಕೊಂಡು ಪುನಃ ಕಲ್ಲಾಗುತ್ತದೆ. ಈ ಕೆಲಸ ದಿನಗಳಲ್ಲಿ ಮುಗಿಯುವುದಿಲ್ಲ; ತಿಂಗಳುಗಳು, ದಪ್ಪ ಗೋಡೆಯಾದರೆ ವರ್ಷಗಳೇ ಬೇಕು. ಅಷ್ಟು ದಿನವೂ ಗಾರೆ ಸ್ವಲ್ಪ ಮೆತ್ತಗಿದ್ದು, ಗೋಡೆ ಅಲುಗಿದರೆ ತಾನೂ ಅಲುಗುತ್ತದೆ. ನವಿರಾದ ಬಿರುಕು ಬಿದ್ದರೂ ಮಳೆನೀರು ಸುಣ್ಣದ ಅಂಶವನ್ನು ಕರಗಿಸಿ ಒಯ್ದು ಅದೇ ಬಿರುಕಿನಲ್ಲಿ ಕೂರಿಸುತ್ತದೆ. ಯುಗಾದಿಗೋ ದಸರೆಗೋ ಮನೆಗೆ ಸುಣ್ಣ ಬಳಿಯುತ್ತಿದ್ದ ಹಳೆಯ ಪದ್ಧತಿ ಹಬ್ಬದ ಸಡಗರ ಮಾತ್ರವಾಗಿರಲಿಲ್ಲ, ವರ್ಷಕ್ಕೊಮ್ಮೆ ನಡೆಯುತ್ತಿದ್ದ ದುರಸ್ತಿಯೂ ಆಗಿತ್ತು. ಹಾಗೆಂದು ಯಾರೂ ಹೇಳಿಕೊಳ್ಳುತ್ತಿರಲಿಲ್ಲ, ಅಷ್ಟೇ.

ಗಾರೆ ಅರೆಯಲು ಗಾಣವಿತ್ತು. ನೆಲದಲ್ಲಿ ವೃತ್ತಾಕಾರದ ಕಲ್ಲಿನ ಕಾಲುವೆ, ಅದರಲ್ಲಿ ಉರುಳುವ ಕಲ್ಲಿನ ಚಕ್ರ, ಎಳೆಯಲು ಎತ್ತು. ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಬೆರೆಸಿ ಗಂಟೆಗಟ್ಟಲೆ ಅರೆದಷ್ಟೂ ಗಾರೆ ನುಣುಪಾಗಿ, ಕಡಿಮೆ ನೀರಿನಲ್ಲೇ ಕೈಗೆ ಒಗ್ಗುತ್ತಿತ್ತು. ಇಷ್ಟು ತಾಳ್ಮೆಯನ್ನು ಬೇಡುವ ವಸ್ತುವಿನ ಎದುರಿಗೆ ಸಿಮೆಂಟ್ ಬಂದು ನಿಂತಾಗ ಗೆದ್ದದ್ದು ಯಾರೆಂದು ಹೇಳಬೇಕಾಗಿಲ್ಲ. ಇಂಗ್ಲೆಂಡಿನ ಲೀಡ್ಸ್ ಪಟ್ಟಣದ ಗಾರೆ ಕೆಲಸಗಾರ ಜೋಸೆಫ್ ಆಸ್ಪ್‌ಡಿನ್ 1824ರಲ್ಲಿ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಹಕ್ಕುಪತ್ರ ಪಡೆದ. ಮುಂದೆ ಅದೇ ಹೆಸರಿನಲ್ಲಿ ಸುಧಾರಿಸುತ್ತ ಬಂದ ಸಿಮೆಂಟ್ ಗಂಟೆಗಳಲ್ಲಿ ಗಟ್ಟಿಯಾಗುತ್ತದೆ, ಚೀಲದಲ್ಲಿ ಬರುತ್ತದೆ, ಗಾಣ ಬೇಡ, ಎತ್ತು ಬೇಡ. ತುಮಕೂರು ಜಿಲ್ಲೆಯ ಅಮ್ಮಸಂದ್ರದಂಥ ಊರುಗಳಲ್ಲಿ ಕಾರ್ಖಾನೆಗಳು ಬಂದ ಮೇಲಂತೂ ಹಳ್ಳಿಯ ಮನೆಗೂ ಸಿಮೆಂಟ್ ತಲುಪಿತು. ಒಂದೇ ತೊಡಕು. ಸಿಮೆಂಟಿಗೆ ಗಾಳಿಗಿಂತ ನೀರು ಮುಖ್ಯ. ಅದು ಗಟ್ಟಿಯಾಗುವುದು ಒಣಗಿದ್ದರಿಂದಲ್ಲ, ನೀರಿನ ಜೊತೆ ರಾಸಾಯನಿಕವಾಗಿ ಕೂಡಿದ್ದರಿಂದ. ಆ ಕೂಡಿಕೆ ನಡೆಯುವ ಮೊದಲೇ ನೀರು ಆರಿಹೋದರೆ ಪ್ಲಾಸ್ಟರ್ ಒಣಗುತ್ತದೆಯೇ ಹೊರತು ಗಟ್ಟಿಯಾಗುವುದಿಲ್ಲ. ಉಗುರಿನಲ್ಲಿ ಗೀರಿದರೆ ಪುಡಿ ಉದುರುತ್ತದೆ.

ಮರಳುಗಾಡಿನ ಸೀಮೆಗಳಲ್ಲಿ ಗೋಡೆ ಕಟ್ಟುವವರ ದೊಡ್ಡ ತಲೆನೋವು ಇದೇ. ಅಲ್ಲಿ ಶತ್ರು ಮಳೆಯಲ್ಲ. ಒಣಗಾಳಿ, ಬಿಸಿಲು, ಹಗಲು-ರಾತ್ರಿಗಳ ನಡುವಿನ ಶಾಖದ ಏರಿಳಿತ. ಬೆಂಗಳೂರು ಮರಳುಗಾಡೇನಲ್ಲ, ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ ಬೀಳುವ ಊರು. ಆದರೆ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಮರವಿಲ್ಲದ ಹೊಸ ಬಡಾವಣೆಯ ಬಯಲಿನಲ್ಲಿ ನಿಂತ ಗೋಡೆಗೆ ಆ ವ್ಯತ್ಯಾಸ ತಿಳಿಯುವುದಿಲ್ಲ. ಮನೆ ಕೆಲಸ ಭರದಿಂದ ನಡೆಯುವುದೂ ಅದೇ ತಿಂಗಳುಗಳಲ್ಲಿ. ನೀರಿಗೆ ತತ್ವಾರ ಬರುವುದೂ ಆಗಲೇ. ಟ್ಯಾಂಕರಿಗೆ ಹಣ ತೆರುವ ಮನೆಯವರು ಗೋಡೆಗೆ ನೀರು ಹೊಡೆಯುವುದನ್ನು ಮೊದಲು ಬಿಡುತ್ತಾರೆ.

ಇದರ ಮೇಲೆ ಬ್ಲಾಕಿನ ಸ್ವಭಾವ ಬೇರೆ. ಸುಟ್ಟ ಇಟ್ಟಿಗೆ ಗೂಡಿನಿಂದ ಬರುವಾಗಲೇ ಕುಗ್ಗುವಷ್ಟು ಕುಗ್ಗಿರುತ್ತದೆ. ಸಿಮೆಂಟ್ ಬ್ಲಾಕು ಹಾಗಲ್ಲ. ಎರಕ ಹೊಯ್ದ ಮೇಲೆ ಒಣಗುತ್ತ ಒಣಗುತ್ತ ಕುಗ್ಗುತ್ತದೆ. ಎರಡು ವಾರ ನೀರುಣಿಸಿ, ಆಮೇಲೆ ನೆರಳಿನಲ್ಲಿ ಕೆಲವು ವಾರ ಒಣಗಿಸಿದ ಬ್ಲಾಕು ತನ್ನ ಕುಗ್ಗಾಟವನ್ನು ಅಂಗಳದಲ್ಲೇ ಮುಗಿಸಿಕೊಂಡಿರುತ್ತದೆ. ಬೇಡಿಕೆ ಹೆಚ್ಚಿದಾಗ ವಾರದ ಬ್ಲಾಕೇ ಲಾರಿ ಹತ್ತುತ್ತದೆ. ಅದು ಗೋಡೆಯಲ್ಲಿ ಕುಳಿತು ಕುಗ್ಗಿದರೆ ಸಂದುಗಳ ಗುಂಟ ಮೆಟ್ಟಿಲಿನಂತೆ ಬಿರುಕು ಏರುತ್ತದೆ. ಕಾಂಕ್ರೀಟಿನ ಕಂಬ ಮತ್ತು ಬ್ಲಾಕು ಕೂಡುವ ಕಡೆ ಎರಡೂ ಒಂದೇ ಲಯದಲ್ಲಿ ಹಿಗ್ಗಿ ಕುಗ್ಗುವುದಿಲ್ಲವಾದ್ದರಿಂದ ನೆಟ್ಟಗೆ ಗೆರೆ ಬೀಳುತ್ತದೆ. ಬಿಸಿಲಿಗೆ ಕಾದ ತಾರಸಿ ಹಿಗ್ಗಿ ಗೋಡೆಯ ತಲೆಯನ್ನು ತಳ್ಳಿದಾಗ ಮೂಡುವುದು ಆ ಅಡ್ಡ ಗೆರೆ. ಜೇಡನ ಬಲೆಯ ಬಿರುಕಿಗೆ ಕಾರಣ ಹೆಚ್ಚಾಗಿ ಪ್ಲಾಸ್ಟರಿನಲ್ಲೇ ಇರುತ್ತದೆ: ಧೂಳು ಹೆಚ್ಚಿರುವ ಎಂ-ಸ್ಯಾಂಡ್, ಅಗತ್ಯಕ್ಕಿಂತ ಹೆಚ್ಚು ಸಿಮೆಂಟ್, ಕೊನೆಯಲ್ಲಿ ನುಣುಪು ಬರಲೆಂದು ಹಸಿ ಗೋಡೆಗೆ ಸಿಮೆಂಟ್ ಪುಡಿ ಎರಚಿ ಕರಣೆಯಲ್ಲಿ ತಿಕ್ಕುವ ಅಭ್ಯಾಸ. ‘ಸಿಮೆಂಟ್ ಜಾಸ್ತಿ ಹಾಕಿ, ಗಟ್ಟಿ ಬರಲಿ’ ಎಂದು ಮನೆಯ ಯಜಮಾನರು ಧಾರಾಳತನ ತೋರುವುದುಂಟು. ಸಿಮೆಂಟ್ ಹೆಚ್ಚಾದಷ್ಟೂ ಕುಗ್ಗುವಿಕೆ ಹೆಚ್ಚು, ಬಿರುಕೂ ಹೆಚ್ಚು. ಒಳಗಿನ ಗೋಡೆಗಿಂತ ಮೊದಲ ಪದರ, ಮೊದಲ ಪದರಕ್ಕಿಂತ ಹೊರಪದರ ಸ್ವಲ್ಪ ಸ್ವಲ್ಪವೇ ಮೆದುವಾಗುತ್ತ ಬರಬೇಕೆಂಬುದು ಈ ಕಸುಬಿನ ಹಳೆಯ ನಿಯಮ.

ಹಾಗಾದರೆ ದುರಸ್ತಿ ಹೇಗೆ? ಕರಣೆ ಹಿಡಿಯುವ ಮೊದಲು ನೋಡಬೇಕಾದ್ದು ನೀರಿನ ದಾರಿಯನ್ನು. ತಾರಸಿಯ ಕೈಗೋಡೆಯ ನೆತ್ತಿ ಬಾಯಿಬಿಟ್ಟಿದೆಯೇ, ಸಜ್ಜಾದ ಅಂಚಿನಲ್ಲಿ ನೀರು ತೊಟ್ಟಿಕ್ಕಿ ಬೀಳದೆ ಗೋಡೆಗೇ ಹರಿಯುತ್ತಿದೆಯೇ, ಒಳಗಿನ ಪೈಪು ಸೋರುತ್ತಿದೆಯೇ? ಇದು ಸರಿಯಾಗದೆ ಮಾಡಿದ ತೇಪೆ ಹಣಕ್ಕೆ ದಂಡ. ಆಮೇಲೆ ಬಿರುಕು ಇನ್ನೂ ಬೆಳೆಯುತ್ತಿದೆಯೇ ಎಂದು ತಿಳಿಯಬೇಕು. ಅದರ ಎರಡು ತುದಿಗೂ ಪೆನ್ಸಿಲಿನಲ್ಲಿ ಗುರುತು ಮಾಡಿ ತಾರೀಖು ಬರೆದಿಟ್ಟರೆ ಸಾಕು. ಎಂಜಿನಿಯರುಗಳು ಬಿರುಕಿನ ಮೇಲೆ ಗಾಜಿನ ಚೂರನ್ನು ಅಂಟಿಸಿ ಅದು ಒಡೆಯುತ್ತದೆಯೇ ಎಂದು ನೋಡುವುದೂ ಉಂಟು. ಬೆಳೆಯುತ್ತಿರುವ ಬಿರುಕು ಪ್ಲಾಸ್ಟರಿನ ರೋಗವಲ್ಲ, ಅಡಿಪಾಯದ್ದೋ ಗೋಡೆಯದ್ದೋ ಇರಬಹುದು. ಅದಕ್ಕೆ ಗಾರೆಯವರನ್ನಲ್ಲ, ಎಂಜಿನಿಯರನ್ನು ಕರೆಯಬೇಕು.

ನಿಂತ ಬಿರುಕಾದರೆ ಸುತ್ತಲಿನ ಪ್ಲಾಸ್ಟರನ್ನು ಮರದ ಹಿಡಿಯಿಂದ ತಟ್ಟಿ ನೋಡಬೇಕು. ಬ್ಲಾಕನ್ನು ಬಿಟ್ಟು ಎದ್ದಿರುವ ಕಡೆ ಡಬಡಬ ಎಂದು ಪೊಳ್ಳು ಸದ್ದು ಬರುತ್ತದೆ. ಅಷ್ಟನ್ನೂ ಕೆತ್ತಿ ತೆಗೆಯಬೇಕು. ಅಂಚನ್ನು ತೆಳುವಾಗಿ ಬಿಡದೆ ನೆಟ್ಟಗೆ ಕತ್ತರಿಸಬೇಕು. ಬ್ಲಾಕಿನ ಮೈಯನ್ನು ಬ್ರಷ್ಷಿನಿಂದ ಉಜ್ಜಿ, ಹಿಂದಿನ ಸಂಜೆಯೇ ನೀರುಣಿಸಿ, ಬೆಳಿಗ್ಗೆ ಮತ್ತೊಮ್ಮೆ ನೆನೆಸಬೇಕು. ನೀರು ಇಳಿಯುತ್ತಿರಬಾರದು, ಮೈ ತೇವವಾಗಿರಬೇಕು. ಒಣ ಬ್ಲಾಕು ಹಸಿ ಪ್ಲಾಸ್ಟರಿನ ನೀರನ್ನು ಗಳಿಗೆಯಲ್ಲಿ ಹೀರಿಬಿಡುತ್ತದೆ. ಸಿಮೆಂಟ್, ಮರಳಿನ ತೆಳು ಪಾಕವನ್ನು ಮೊದಲು ಒರಟಾಗಿ ಎರಚಿದರೆ ಮುಂದಿನ ಪದರಕ್ಕೆ ಹಿಡಿತ ಸಿಗುತ್ತದೆ. ಬಳಿಕ ಎರಡು ಪದರ, ಮೊದಲನೆಯದಕ್ಕೆ ಹಸಿಯಿರುವಾಗಲೇ ಗೆರೆ ಗೀರಿ. ಒಂದು ಪಾಲು ಸಿಮೆಂಟ್, ಒಂದು ಪಾಲು ಸುಣ್ಣ, ಆರು ಪಾಲು ಮರಳಿನ ಮಿಶ್ರಣ ಇಂಥ ಕೆಲಸಕ್ಕೆ ಒಗ್ಗುತ್ತದೆ. ಬಾಂಡ್ಲಿಯಲ್ಲಿ ಬಿಗಿದುಹೋದ ಮಿಶ್ರಣಕ್ಕೆ ಮತ್ತೆ ನೀರು ಹಾಕಿ ಕಲಸಬಾರದು. ಕಂಬ ಮತ್ತು ಬ್ಲಾಕು ಸೇರುವ ಕಡೆ ಕೋಳಿಬಲೆಯಂಥ ತಂತಿ ಜಾಲರಿಯನ್ನು ಬಡಿದು ಅದರ ಮೇಲೆ ಬಳಿಯಬೇಕು. ಕೊನೆಯ ಕೈ ಮರದ ಹಲಗೆಯದ್ದಾಗಲಿ, ಉಕ್ಕಿನದ್ದು ಬೇಡ.

ಬಿಸಿಲುನಾಡಿನ ಗಾರೆಯವರು ನೆರಳನ್ನು ಹಿಂಬಾಲಿಸುತ್ತಾರೆ. ಬೆಳಿಗ್ಗೆ ಪಶ್ಚಿಮದ ಗೋಡೆ, ಮಧ್ಯಾಹ್ನದ ಮೇಲೆ ಪೂರ್ವದ ಗೋಡೆ. ಮುಗಿದ ತೇಪೆಗೆ ಒದ್ದೆ ಗೋಣಿತಾಟು ಇಳಿಬಿಟ್ಟು ಏಳು ದಿನ ತೇವ ಆರದಂತೆ ನೋಡಿಕೊಳ್ಳಬೇಕು. ಬೆಳಿಗ್ಗೆ ಒಮ್ಮೆ ಪೈಪು ಹಿಡಿದು ಕರ್ತವ್ಯ ಮುಗಿಸಿದರೆ ಹತ್ತು ಗಂಟೆಗೆ ಗೋಡೆ ಒಣಗಿರುತ್ತದೆ. ಬಣ್ಣಕ್ಕೆ ಸುಮಾರು ಒಂದು ತಿಂಗಳು ಕಾಯಬೇಕು. ಇಷ್ಟೆಲ್ಲ ಮಾಡುವುದಕ್ಕೆ ದಸರೆಯ ನಂತರ, ಮಳೆ ಹಿಂದೆಗೆದು ಬಿಸಿಲು ಏರದಿರುವ ತಿಂಗಳುಗಳಿಗಿಂತ ಒಳ್ಳೆಯ ಕಾಲವಿಲ್ಲ.

ಹಳೆಯ ಮನೆಗಳ ಮಾತು ಬೇರೆಯೇ. ಯಲಹಂಕ, ದೇವನಹಳ್ಳಿ, ದೊಡ್ಡಬಳ್ಳಾಪುರದ ಹಳೆಯ ಬೀದಿಗಳಲ್ಲಿ ಮಣ್ಣು, ಇಟ್ಟಿಗೆ, ಸುಣ್ಣದ ಗೋಡೆಗಳು ಉಳಿದಿರುವ ಕಡೆ ಗಾರೆ ಉದುರಿದ ಜಾಗಕ್ಕೆ ಸಿಮೆಂಟ್ ಮೆತ್ತುವುದು ಎಲ್ಲರೂ ಮಾಡುವ ಕೆಲಸ. ಇದು ಗೋಡೆಗೆ ಉಪಕಾರವಲ್ಲ. ಅಮೆರಿಕದ ನ್ಯೂ ಮೆಕ್ಸಿಕೊದ ಒಣಸೀಮೆಯಲ್ಲಿ ರಾಂಚೋಸ್ ದೆ ತಾವೋಸ್ ಎಂಬ ಊರಿದೆ. ಅಲ್ಲಿನ ಹಸಿ ಇಟ್ಟಿಗೆಯ ಇಗರ್ಜಿಗೆ ಊರಿನವರು ಸೇರಿ ಮಣ್ಣು ಮೆತ್ತುತ್ತಿದ್ದರು. ಆ ಶ್ರಮ ತಪ್ಪಲೆಂದು 1967ರಲ್ಲಿ ಸಿಮೆಂಟ್ ಬಳಿಸಿದರು. ಗಟ್ಟಿ ಹೊದಿಕೆಯೊಳಗೆ ಸಿಕ್ಕಿಕೊಂಡ ತೇವ ಹೊರಬರಲಾರದೆ ಒಳಗಿನ ಮಣ್ಣನ್ನೇ ಕರಗಿಸತೊಡಗಿತು. ಹತ್ತು ಹನ್ನೆರಡು ವರ್ಷಗಳಲ್ಲಿ ಸಿಮೆಂಟನ್ನೆಲ್ಲ ಕಿತ್ತು ಮತ್ತೆ ಮಣ್ಣಿಗೇ ಮರಳಬೇಕಾಯಿತು. ಈಗ ಪ್ರತಿವರ್ಷ ಬೇಸಿಗೆಯಲ್ಲಿ ಊರವರು ಸೇರಿ ಮಣ್ಣು ಬಳಿಯುವುದೇ ಅಲ್ಲಿ ಹಬ್ಬದಂತಾಗಿದೆ.

ನಮ್ಮಲ್ಲಿ ಹಳೆಯ ಕಟ್ಟಡಗಳ ಆರೈಕೆ ಎಷ್ಟು ನಾಜೂಕಿನದೆಂಬುದನ್ನು ಮೈಸೂರು ಕಂಡಿದೆ. 2012ರ ಆಗಸ್ಟಿನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟಿನಲ್ಲಿ ದುರಸ್ತಿ ನಡೆಯುತ್ತಿದ್ದಾಗಲೇ ದೇವರಾಜ ಮಾರುಕಟ್ಟೆಯ ಉತ್ತರದ ಭಾಗ ಬಿದ್ದಿತು. ಕಾರಣಗಳ ಚರ್ಚೆ ಬೇರೆ. ಸುಣ್ಣದ ಗೋಡೆಯನ್ನು ಅರಿತು ಮುಟ್ಟುವ ಕೈಗಳು ನಾಡಿನಲ್ಲಿ ಕಡಿಮೆಯಾಗಿವೆ ಎಂಬುದರಲ್ಲಿ ಚರ್ಚೆಯಿಲ್ಲ.

ಮನೆಯ ಗೋಡೆ ಯಾವ ಜಾತಿಯದೆಂದು ತಿಳಿಯಲು ಒಂದು ಮೊಳೆ ಸಾಕು. ಮರೆಯಾದ ಮೂಲೆಯಲ್ಲಿ, ಬಣ್ಣದ ಪದರ ದಾಟುವಂತೆ ಗೀರಿದಾಗ ಬೆಳ್ಳಗಿನ ಅಥವಾ ಇಟ್ಟಿಗೆ ಬಣ್ಣದ ಪುಡಿ ಸುಲಭವಾಗಿ ಉದುರಿದರೆ ಅದು ಸುಣ್ಣದ ಗಾರೆಯಾಗಿರುವ ಸಂಭವ ಹೆಚ್ಚು. ಮೊಳೆ ಜಾರಿ ಬೂದು ಗೆರೆ ಉಳಿದರೆ ಸಿಮೆಂಟ್. ಸುಣ್ಣವಾದರೆ ತೇಪೆಗೂ ಸುಣ್ಣವೇ ಬೇಕು. ವಾರಗಟ್ಟಲೆ ನೀರಿನಡಿ ಕೊಳೆಸಿದ ಸುಣ್ಣಕ್ಕೆ ಮರಳು, ಇಟ್ಟಿಗೆ ಪುಡಿ ಬೆರೆಸಿ, ತೆಳು ಪದರಗಳಲ್ಲಿ ಬಳಿದು, ಒಂದು ಪದರ ಬಿಗಿದ ಮೇಲೆಯೇ ಇನ್ನೊಂದನ್ನು ಹಚ್ಚಬೇಕು. ಕೈಯಗಲದ ತೇಪೆಗೆ ಒಂದು ತಿಂಗಳು ಹಿಡಿದರೆ ಮೇಸ್ತ್ರಿಯ ಮೇಲೆ ಸಿಟ್ಟು ಮಾಡಿಕೊಳ್ಳಬಾರದು.