ಆಟದ ಕಾರಿನ ಹಲ್ಲು

ತುಂಗಭದ್ರೆಯ ದಂಡೆಯ ಕುಮಾರಪಟ್ಟಣದ ಕಾರ್ಖಾನೆಗೆ ಮರ ಹೇರಿಕೊಂಡು ಬರುವ ಲಾರಿ ತಿರುವಿನಲ್ಲಿ ಸಾಗುವಾಗ, ಹೊರಗಾಲಿ ಒಳಗಾಲಿಗಿಂತ ಹೆಚ್ಚು ಸುತ್ತಬೇಕು. ಚಕ್ಕಡಿಯ ಗಾಲಿಗಳು ಬಿಡಿಬಿಡಿಯಾಗಿ ತಿರುಗುತ್ತವೆ. ಎಂಜಿನ್ ತಿರುಗಿಸುವ ಗಾಲಿಗಳಿಗೆ ಆ ಸ್ವಾತಂತ್ರ್ಯ ಕೊಡುವುದು ಡಿಫರೆನ್ಷಿಯಲ್ ಎಂಬ ಹಲ್ಲುಚಕ್ರಗಳ ಕೂಟ. ರೇಡಿಯೋ ಅಲೆಯಿಂದ ನಡೆಯುವ, 10 ಕಿಲೋಗ್ರಾಂ ಆಸುಪಾಸು ತೂಗುವ ದೊಡ್ಡ ಆಟದ ಕಾರಿನಲ್ಲಿಯೂ ಅದುಂಟು.

ಆ ಕಾರು ನೆಗೆದು ಬಿದ್ದಾಗ, ಸುತ್ತುತ್ತಿರುವ ಗಾಲಿಯನ್ನು ನೆಲ ತಟ್ಟನೆ ತಡೆಯುತ್ತದೆ, ಪೆಟ್ಟು ಹಲ್ಲುಗಳಿಗೆ. ಮೆದು ಉಕ್ಕಾದರೆ ಸವೆದೀತು. ಪೂರ್ತಿ ಗಡಸಾದರೆ ಮುರಿದೀತು. ಆದ್ದರಿಂದ ಮೇಲ್ಮೈಗೆ ಮಾತ್ರ ಇಂಗಾಲ ಹಿಡಿಸಿ, ಕಾಯಿಸಿ, ಎಣ್ಣೆಯಲ್ಲಿ ತಣಿಸುತ್ತಾರೆ: ಹೊರಗೆ ಗಡಸು, ಒಳಗೆ ತಾಳಿಕೆ. ತೆಳು ವಾಷರಿಟ್ಟು ಸಡಿಲವನ್ನೂ ಕಳೆಯಬೇಕು. ಮುರಿದ ಒಂದು ಚೂರು ಉಳಿದೆಲ್ಲವನ್ನೂ ಕೆಡಿಸೀತು. ಎತ್ತು ಕೊಳ್ಳುವವರು ಹಲ್ಲು ನೋಡುವಂತೆ, ಬಲವಾದ ಮೋಟಾರು ಹಾಕಿಸುವ ಮುನ್ನ ನೀವೂ ಹಲ್ಲು ನೋಡಿರಿ.